ದುಸ್ಸಹವಾಸ ಎಲ್ಲಿಂದ ಬರುತ್ತದೆ? ಯೌವನಸ್ಥರ ಕೂಟ ನಡೆಸುವವರಿಗೆ ಒಂದು ಬಹಿರಂಗ ಪತ್ರ



ಮಂಗಳೂರಿನಿಂದ ಬೀದರಿನವರೆಗೆ ಕನ್ನಡದಲ್ಲಿ ಆರಾಧನೆ ನಡೆಯುವ ಸಭೆಗಳಲ್ಲಿ ಯೌವನಸ್ಥರ ಕೂಟವನ್ನೂ ಸಂಡೇ ಸ್ಕೂಲನ್ನೂ ನಡೆಸುತ್ತಿರುವ ನಿಮಗೆ ಈ ಪತ್ರ. ಸಂಬಳವಿಲ್ಲದ ಕೆಲಸ ನಿಮ್ಮದು. ವಾರವೆಲ್ಲ ದುಡಿದು, ಸಿಕ್ಕ ಒಂದು ಬಿಡುವಿನ ದಿನವನ್ನೂ ಊರವರ ಮಕ್ಕಳಿಗೆ ಕೊಡುತ್ತೀರಿ. ನಿಮ್ಮ ಶ್ರಮದ ಬಗ್ಗೆ ನನಗೆ ದೂರಿಲ್ಲ, ಒಂದು ಪಾಠದ ಬಗ್ಗೆ ಮಾತ್ರ ತಕರಾರಿದೆ. ಗೆಳೆತನದ ವಿಷಯ ಬಂದಾಗ ನಮ್ಮ ಕೂಟಗಳಲ್ಲಿ ಹೆಚ್ಚಾಗಿ ಕೇಳಿಬರುವುದು ಎಚ್ಚರಿಕೆಯ ಮಾತೇ: ಲೋಕದವರ ಸ್ನೇಹ ಬೇಡ, ವಿಶ್ವಾಸಿಗಳ ಜೊತೆ ಇರು, ಕಾಲೇಜಿನಲ್ಲಿ ಯಾರ ಪಕ್ಕ ಕೂರುತ್ತೀಯ ನೋಡಿಕೋ. ಅದಕ್ಕೆ ಬೆಂಬಲವಾಗಿ ದುಸ್ಸಹವಾಸದ ಆ ವಾಕ್ಯ, 1 ಕೊರಿಂಥ 15:33, ಕಂಠಪಾಠಕ್ಕೆ ಬರುತ್ತದೆ. ಪಾಠ ಅಲ್ಲಿಗೆ ಮುಗಿಯುತ್ತದೆ. ಮಗು ಮನೆಗೆ ಒಯ್ಯುವುದು ಗೆಳೆತನವೆಂದರೆ ಅಪಾಯ, ಅಪಾಯ ಹೊರಗಿದೆ ಎಂಬ ತಿಳಿವಳಿಕೆಯನ್ನು. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟ ಗೆಳೆಯನನ್ನು ತೋರಿಸಬೇಕಾದಾಗ ಬೈಬಲ್ಲು ಬಹುಮಟ್ಟಿಗೆ ನಮ್ಮವರೊಳಗಿನವನನ್ನೇ ತೋರಿಸುತ್ತದೆ. ಒಳ್ಳೆಯ ಗೆಳೆಯನನ್ನು ತೋರಿಸಬೇಕಾದಾಗ ಮತ್ತೆಮತ್ತೆ ಹೊರಗಿನವನನ್ನು ಕರೆತರುತ್ತದೆ. ನಮ್ಮ ಪಾಠ ಇದನ್ನು ತಿರುವುಮುರುವು ಮಾಡಿದೆ.

ಮೊದಲು ಆ ಕಂಠಪಾಠದ ವಾಕ್ಯವನ್ನೇ ಅದರ ಜಾಗದಲ್ಲಿಟ್ಟು ಓದೋಣ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ ಹದಿನೈದನೆಯ ಅಧ್ಯಾಯ ಇಡಿಯಾಗಿ ಪುನರುತ್ಥಾನದ ಚರ್ಚೆ. ಸತ್ತವರು ಏಳುವುದೇ ಇಲ್ಲ ಎನ್ನುವವರು ಕೆಲವರಿದ್ದರು. ಅವರು ಎಲ್ಲಿದ್ದರು ಎಂಬುದನ್ನು ಪೌಲ 12ನೆಯ ವಚನದಲ್ಲಿ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ: ಸಭೆಯ ನಡುವೆಯೇ. ಅವರ ಮಾತಿಗೆ ಕಿವಿಗೊಟ್ಟರೆ ಬದುಕು ಬರಿಯ ಊಟ ಕುಡಿತಗಳಿಗೆ ಇಳಿಯುತ್ತದೆಂದು ಎಚ್ಚರಿಸುತ್ತ ಬಂದವನು 33ನೆಯ ವಚನದಲ್ಲಿ ಸಹವಾಸದ ಮಾತೆತ್ತುತ್ತಾನೆ. ಹಾಗಾಗಿ ಆ ವಾಕ್ಯದ ದುಸ್ಸಹವಾಸ ಎದುರು ಮನೆಯ ಹಿಂದೂ ಹುಡುಗನಲ್ಲ, ಟ್ಯೂಷನ್ನಿನಲ್ಲಿ ಜೊತೆಯಾದ ಮುಸ್ಲಿಂ ಹುಡುಗಿಯೂ ಅಲ್ಲ. ಪ್ರಭುಭೋಜನಕ್ಕೆ ಒಟ್ಟಿಗೆ ಬರುತ್ತಿದ್ದವರು. ಇನ್ನೊಂದು ಸ್ವಾರಸ್ಯವಿದೆ. ಆ ಸಾಲು ಪೌಲನ ಸ್ವಂತದ್ದಲ್ಲ. ಪೌಲನಿಗಿಂತ ಮುನ್ನೂರಕ್ಕೂ ಹೆಚ್ಚು ವರ್ಷ ಹಿಂದೆ ಅಥೆನ್ಸಿನಲ್ಲಿ ಹಾಸ್ಯನಾಟಕ ಬರೆಯುತ್ತಿದ್ದ ಮೆನಾಂಡರನದು ಅದೆಂದು ವಿದ್ವಾಂಸರು ಸಾಮಾನ್ಯವಾಗಿ ಗುರುತಿಸುತ್ತಾರೆ. ಅನ್ಯರ ಸಹವಾಸ ಬೇಡವೆಂದು ಮಕ್ಕಳಿಗೆ ಕಲಿಸಲು ನಾವು ಹಿಡಿದ ವಾಕ್ಯವನ್ನು ಅಪೊಸ್ತಲ ಅನ್ಯರ ರಂಗಭೂಮಿಯಿಂದ ಎತ್ತಿಕೊಂಡಿದ್ದ.

ಅದೇ ಪತ್ರಿಕೆಯನ್ನು ಸ್ವಲ್ಪ ಹಿಂದಕ್ಕೆ ತಿರುವಿ ಹಾಕಿದರೆ ಇನ್ನೂ ಗಟ್ಟಿಯಾದ ಸಾಕ್ಷ್ಯ ಸಿಗುತ್ತದೆ. ಕೆಟ್ಟ ನಡತೆಯವರ ಜೊತೆ ಸೇರಬೇಡಿರೆಂದು ತಾನು ಮೊದಲು ಬರೆದದ್ದನ್ನು ಕೊರಿಂಥದವರು ತಪ್ಪಾಗಿ ತಿಳಿದುಕೊಂಡಿದ್ದಾರೆಂದು ಐದನೆಯ ಅಧ್ಯಾಯದ ಕೊನೆಯಲ್ಲಿ ಪೌಲ ತಿದ್ದುತ್ತಾನೆ. ತಾನು ಹೇಳಿದ್ದು ಲೋಕದವರ ಬಗ್ಗೆ ಅಲ್ಲ, ಹಾಗಿದ್ದರೆ ನೀವು ಲೋಕವನ್ನೇ ಬಿಟ್ಟು ಹೋಗಬೇಕಾಗುತ್ತಿತ್ತು. ಸಹೋದರ ಎಂಬ ಹೆಸರಿಟ್ಟುಕೊಂಡು ಲೋಭಿಯೋ ಕುಡುಕನೋ ಸುಲಿಗೆಕೋರನೋ ಆಗಿರುವವನ ಜೊತೆ ಊಟಕ್ಕೂ ಕೂರಬೇಡಿರೆಂಬುದು ಅವನ ಮಾತಿನ ತಾತ್ಪರ್ಯ. ಹತ್ತನೆಯ ಅಧ್ಯಾಯದಲ್ಲಿ ನಂಬದವರು ಊಟಕ್ಕೆ ಕರೆದರೆ ಮನಸ್ಸಿದ್ದಲ್ಲಿ ಹೋಗಿ, ಬಡಿಸಿದ್ದನ್ನು ಉಣ್ಣಿ ಎನ್ನುತ್ತಾನೆ. ಇದನ್ನೆಲ್ಲ ಬರೆಯುವಾಗ ಅವನು ಇದ್ದದ್ದು ಎಫೆಸದಲ್ಲಿ. 16:8ರಲ್ಲಿ ಊರಿನ ಹೆಸರನ್ನು ಅವನೇ ಹೇಳುತ್ತಾನೆ. ಆ ಊರಿನಲ್ಲಿ ಅವನ ಗೆಳೆಯರು ಯಾರಾಗಿದ್ದರು? ಅಪೊಸ್ತಲರ ಕೃತ್ಯಗಳ 19ನೆಯ ಅಧ್ಯಾಯದಲ್ಲಿ ಅರ್ತೆಮೀ ದೇವಿಯ ಬೆಳ್ಳಿ ಗುಡಿಗಳನ್ನು ಮಾಡಿ ಮಾರುವವರು ಎಬ್ಬಿಸಿದ ಗಲಭೆಯ ವರದಿಯಿದೆ. ಜನ ನಾಟಕಶಾಲೆಗೆ ನುಗ್ಗಿದಾಗ ಪೌಲ ತಾನೂ ಒಳಗೆ ಹೋಗಲು ಹೊರಡುತ್ತಾನೆ. ಆಗ ಹೋಗಬೇಡವೆಂದು ಹೇಳಿಕಳುಹಿಸಿ ಅವನ ಜೀವದ ಬಗ್ಗೆ ಕಾಳಜಿ ತೋರಿದವರಲ್ಲಿ ಆಸ್ಯ ಸೀಮೆಯ ಕೆಲವು ಅಧಿಕಾರಿಗಳೂ ಇದ್ದರು. 31ನೆಯ ವಚನ ಅವರನ್ನು ನೇರವಾಗಿ ಅವನ ಗೆಳೆಯರೆಂದೇ ಕರೆಯುತ್ತದೆ. ಅವರು ಸಭೆಗೆ ಸೇರಿದವರೆಂಬ ಸುಳಿವು ಲೂಕನ ಬರಹದಲ್ಲಿ ಎಲ್ಲಿಯೂ ಇಲ್ಲ. ರೋಮನ್ ಆಡಳಿತದಲ್ಲಿ ಆ ಪದವಿಯವರಿಗೂ ಚಕ್ರವರ್ತಿ ಪೂಜೆಗೂ ನಂಟಿತ್ತೆಂದು ಇತಿಹಾಸಕಾರರು ಹೇಳುತ್ತಾರೆ. ದುಸ್ಸಹವಾಸದ ವಾಕ್ಯ ಬರೆದ ಊರಿನಲ್ಲೇ ಅಪೊಸ್ತಲನಿಗೆ ಇಂಥ ಸ್ನೇಹಿತರಿದ್ದರೆಂದ ಮೇಲೆ, ಆ ವಾಕ್ಯವನ್ನು ನಾವು ಓದುವ ರೀತಿಯಲ್ಲಿ ಅವನು ಬರೆದಿರಲಾರ.

ಇನ್ನು ಬೈಬಲ್ಲಿನ ಕೆಟ್ಟ ಗೆಳೆಯರ ಕಡೆಗೆ ಬರುತ್ತೇನೆ. 2 ಸಮುವೇಲ 13ನೆಯ ಅಧ್ಯಾಯ ನಮ್ಮ ಕೂಟಗಳಲ್ಲಿ ಓದಿಸದ ಅಧ್ಯಾಯ. ಓದಿಸಲು ಸಂಕೋಚವಾಗುವುದು ಸಹಜವೇ. ದಾವೀದನ ಮಗ ಅಮ್ನೋನ ತನ್ನ ಮಲತಂಗಿ ತಾಮಾರಳ ಮೇಲೆ ಕಣ್ಣು ಹಾಕಿ ಕೊರಗುತ್ತಿದ್ದಾಗ, ಕಾಯಿಲೆಯವನಂತೆ ಮಲಗಿ ಅವಳ ಕೈಯಡುಗೆ ಬೇಕೆಂದು ತಂದೆಯನ್ನು ಕೇಳು ಎಂಬ ಉಪಾಯ ಹೇಳಿಕೊಟ್ಟವನು ಯೋನಾದಾಬ. ಗ್ರಂಥ ಅವನನ್ನು ಅಮ್ನೋನನ ಗೆಳೆಯನೆಂದು ಪರಿಚಯಿಸುತ್ತದೆ, ಜೊತೆಗೇ ಅವನು ದಾವೀದನ ಅಣ್ಣ ಶಿಮ್ಮನ ಮಗನೆಂದೂ ಹೇಳುತ್ತದೆ. ದೊಡ್ಡಪ್ಪನ ಮಗ, ಅರಮನೆಯ ಹುಡುಗ, ಯೆಹೋವನ ಆರಾಧಕರ ಮನೆತನ. ಮಗನ ಗೆಳೆಯರ ಪಟ್ಟಿಯನ್ನು ದಾವೀದ ತಪಾಸಣೆ ಮಾಡಿದ್ದರೂ ಯೋನಾದಾಬನ ಹೆಸರಿಗೆ ಗೀಟು ಬೀಳುತ್ತಿರಲಿಲ್ಲ. ಬಲಿಯಾದ ತಾಮಾರ್ ತನ್ನ ಒಡಹುಟ್ಟಿದ ಅಣ್ಣ ಅಬ್ಷಾಲೋಮನ ಮನೆಯಲ್ಲಿ ಒಂಟಿಯಾಗಿ ಉಳಿಯುತ್ತಾಳೆ. ಅರಸ ರೆಹಬ್ಬಾಮನ ಕಥೆಯೂ ಹಾಗೆಯೇ. ಜನರ ನೊಗವನ್ನು ಹಗುರ ಮಾಡೆಂದ ಹಿರಿಯರ ಮಾತನ್ನು ತಳ್ಳಿ ಅವನು ಕೇಳಿದ್ದು ತನ್ನೊಡನೆ ಬೆಳೆದ ಓರಗೆಯವರ ಮಾತನ್ನು. ಅದರ ಫಲವಾಗಿ ಹತ್ತು ಕುಲಗಳು ಕೈಬಿಟ್ಟು ಹೋದವು. ಅಬ್ಷಾಲೋಮನ ದಂಗೆಗೆ ಬುದ್ಧಿ ಒದಗಿಸಿದ ಅಹೀತೋಫೆಲ ದಾವೀದನದೇ ಮಂತ್ರಾಲೋಚಕ. ಯೆರೆಮೀಯ ಎಲ್ಲಿ ಎಡವುತ್ತಾನೋ ಎಂದು ಕಾಯುತ್ತಿದ್ದವರು ಅವನ ಆಪ್ತರು. ಯೂದನ ವಿಷಯ ಹೇಳಬೇಕಾದ್ದೇ ಇಲ್ಲ. ಮೋಶೆಯ ಧರ್ಮಶಾಸ್ತ್ರವೂ ಇದನ್ನು ಬಲ್ಲದು: ಅನ್ಯದೇವತೆಗಳ ಕಡೆಗೆ ರಹಸ್ಯವಾಗಿ ಎಳೆಯುವವರ ಬಗ್ಗೆ ಎಚ್ಚರಿಸುವಾಗ ಧರ್ಮೋಪದೇಶಕಾಂಡ 13:6 ಹೆಸರಿಸುವುದು ಒಡಹುಟ್ಟಿದವನನ್ನು, ಮಕ್ಕಳನ್ನು, ಹೆಂಡತಿಯನ್ನು, ಪ್ರಾಣದಂಥ ಗೆಳೆಯನನ್ನು. ಪಟ್ಟಿಯಲ್ಲಿ ಅಪರಿಚಿತನೇ ಇಲ್ಲ.

ಯೋಬನ ಮೂವರು ಗೆಳೆಯರದು ಬೇರೆಯೇ ಪ್ರಕರಣ. ಎಲೀಫಜ, ಬಿಲ್ದದ, ಚೋಫರರು ದುಷ್ಟರಲ್ಲ. ದೂರದ ಊರುಗಳಿಂದ ಬಂದು, ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಅವನೊಡನೆ ನೆಲದ ಮೇಲೆ ಕೂತವರು. ಬಾಯಿ ತೆರೆದ ಮೇಲೆ ಅವರು ಆಡಿದ್ದೆಲ್ಲ ಶಾಸ್ತ್ರಶುದ್ಧ ಮಾತು. ಬಿಡಿಯಾಗಿ ತೆಗೆದರೆ ಯಾವುದೇ ಪ್ರಸಂಗದಲ್ಲಿ ಸಲ್ಲುವಂಥದು. ಕಷ್ಟ ಬಂದಿದೆಯೆಂದರೆ ಎಲ್ಲೋ ಪಾಪವಿದೆ, ಒಪ್ಪಿಕೋ ಎಂಬುದೇ ಅವರ ಹಟ. ಕೊನೆಯಲ್ಲಿ ದೇವರ ಕೋಪ ಉರಿಯುವುದು ಎದುರು ವಾದಿಸಿದ ಯೋಬನ ಮೇಲಲ್ಲ, ದೇವರ ಪರವಾಗಿ ವಕಾಲತ್ತು ವಹಿಸಿದ ಈ ಮೂವರ ಮೇಲೆ. ಯೋಬ ಅವರಿಗಾಗಿ ಪ್ರಾರ್ಥಿಸಬೇಕಾಗುತ್ತದೆ. ಸರಿಯಾದ ನಂಬಿಕೆಯಿರುವವನು ಸರಿಯಾದ ಗೆಳೆಯನಾಗುತ್ತಾನೆಂಬ ನಮ್ಮ ಎಣಿಕೆಯನ್ನು ನಲವತ್ತೆರಡು ಅಧ್ಯಾಯಗಳ ಆ ಗ್ರಂಥ ಬುಡಸಹಿತ ಅಲ್ಲಾಡಿಸುತ್ತದೆ. ಪರೀಕ್ಷೆಯಲ್ಲಿ ಫೇಲಾದ, ಖಿನ್ನತೆಗೆ ಬಿದ್ದ ಹುಡುಗನಿಗೆ ನಿನ್ನ ಪ್ರಾರ್ಥನೆ ಸಾಲದು ಎನ್ನುವ ಕೂಟದ ಸಹಪಾಠಿಗಳಿಗೆ ಓದಿಸಬೇಕಾದ್ದು ಇದನ್ನೇ.

ಹೊರಗಿನವರ ವಿಷಯಕ್ಕೆ ಬಂದರೆ ಸಾಕ್ಷ್ಯ ಎಷ್ಟಿದೆಯೆಂದರೆ ಆಯ್ದುಕೊಳ್ಳಬೇಕಾಗುತ್ತದೆ. ಮಗ ಅಬ್ಷಾಲೋಮನ ದಂಗೆಗೆ ಹೆದರಿ ದಾವೀದ ಯೆರೂಸಲೇಮಿನಿಂದ ಓಡಿಹೋಗುವಾಗ ಗತ್ ಊರಿನ ಇತ್ತೈ ಆರುನೂರು ಮಂದಿಯೊಡನೆ ಜೊತೆಗೆ ಹೆಜ್ಜೆ ಹಾಕುತ್ತಾನೆ. ಗತ್ ಎಂದರೆ ಗೊಲ್ಯಾತನ ಊರು. ನೀನು ಪರದೇಶದವನು, ನಿನ್ನೆ ಮೊನ್ನೆ ಬಂದವನು, ನಿನಗೇಕೆ ಈ ಅಲೆದಾಟ, ಹಿಂದಿರುಗು ಎಂದು ದಾವೀದನೇ ಬಿಡುಗಡೆ ಕೊಡುತ್ತಾನೆ. ಇತ್ತೈ ಒಪ್ಪುವುದಿಲ್ಲ, ಸಾವೋ ಬದುಕೋ ನಿನ್ನೊಡನೆಯೇ ಎಂದು ಯೆಹೋವನ ಹೆಸರಿನಲ್ಲೇ ಆಣೆಯಿಡುತ್ತಾನೆ. ಅತ್ತ ಸ್ವಂತ ಮಗ ಪಟ್ಟಕ್ಕೆ ಹೊಂಚುತ್ತಿದ್ದ ಗಳಿಗೆಯದು. ಯೊರ್ದನಿನ ಆಚೆ ಮಹನಯಿಮಿನಲ್ಲಿ ಹಸಿದ ಆ ತಂಡಕ್ಕೆ ಹಾಸಿಗೆ, ಪಾತ್ರೆ, ಗೋದಿ, ಅವರೆ, ಜೇನು, ಬೆಣ್ಣೆ ತಂದುಕೊಟ್ಟ ಮೂವರಲ್ಲಿ ಒಬ್ಬ ಅಮ್ಮೋನಿಯ, ಶೋಬಿ. ಇವರಿಗಿಂತ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವವನು ಯೆರೆಮೀಯ 38ರ ಎಬೆದ್ಮೆಲೆಕ. ಕೂಷ್ ದೇಶದವನು, ಅರಮನೆಯ ಕಂಚುಕಿ. ಯೆಹೂದದ ಸರದಾರರು ಪ್ರವಾದಿಯನ್ನು ಹಗ್ಗ ಕಟ್ಟಿ ಕೆಸರು ತುಂಬಿದ ಬಾವಿಗೆ ಇಳಿಸಿದ್ದರು. ಅರಸ ಚಿದ್ಕೀಯ ಕೈಚೆಲ್ಲಿದ್ದ. ಅನ್ಯಾಯವಾಯಿತೆಂದು ಅರಸನ ಮುಂದೆ ನಿಂತು ಹೇಳಿದವನು ಈ ಪರದೇಶಿ. ಅಪ್ಪಣೆ ಪಡೆದು, ಮೂವತ್ತು ಮಂದಿಯನ್ನು ಕರೆದುಕೊಂಡು, ಉಗ್ರಾಣದ ಕೆಳಗಿನ ಕೋಣೆಯಿಂದ ಹಳೆಯ ಹರಕು ಬಟ್ಟೆಗಳನ್ನು ಹುಡುಕಿ ತಂದು, ಹಗ್ಗ ಕೊರೆಯದಂತೆ ಕಂಕುಳಿಗೆ ಇಟ್ಟುಕೋ ಎಂದು ಹೇಳಿ ಯೆರೆಮೀಯನನ್ನು ಮೇಲೆತ್ತುತ್ತಾನೆ. ಮೇಲೆತ್ತಲು ಹಗ್ಗವಷ್ಟೇ ಸಾಕಿತ್ತು, ಬಟ್ಟೆ ಹುಡುಕಿದ್ದು ನೋವು ಬಲ್ಲವನ ಕೆಲಸ. ಗ್ರಂಥ ಅವನನ್ನು ಗೆಳೆಯನೆಂದು ಕರೆಯುವುದಿಲ್ಲ, ನಿಜ. ಆದರೆ ಗೆಳೆಯ ಮಾಡಬೇಕಾದ ಕೆಲಸ ಯಾವುದೆಂದು ಕೇಳಿದರೆ ನಾನು ಆ ಚಿಂದಿಬಟ್ಟೆಯನ್ನೇ ತೋರಿಸುತ್ತೇನೆ.

ಯೋನಾತಾನ ಇದ್ದಾನಲ್ಲ, ಅವನು ಇಸ್ರಾಯೇಲ್ಯನಲ್ಲವೇ ಎಂದು ನೀವು ಕೇಳಬಹುದು. ಹೌದು. ಆದರೆ ಅವನೂ ದಾವೀದನೂ ಒಂದೇ ಸಿಂಹಾಸನದ ಇಬ್ಬರು ಹಕ್ಕುದಾರರು. ಅಂಥವರ ನಡುವೆ ಹುಟ್ಟುವುದು ಹಗೆತನವೇ ಹೊರತು ಸ್ನೇಹವಲ್ಲ. ಜೆಸ್ಸೆಯ ಮಗ ದಾವೀದ ಬದುಕಿರುವವರೆಗೆ ನಿನ್ನ ಪಟ್ಟ ನಿಲ್ಲದೆಂದು ಸೌಲ ಹೇಳಿದ್ದು ಸುಳ್ಳಲ್ಲ, ಅಪ್ಪನಾಗಿ ಅವನ ಲೆಕ್ಕ ಸರಿಯಾಗಿಯೇ ಇತ್ತು. ಅದೇ ಲೆಕ್ಕ ಗೊತ್ತಿದ್ದೂ ಯೋನಾತಾನ ತನ್ನ ನಿಲುವಂಗಿ, ಕತ್ತಿ, ಬಿಲ್ಲು, ನಡುಕಟ್ಟುಗಳನ್ನು ಕೊಟ್ಟ, ಒಡಂಬಡಿಕೆ ಮಾಡಿಕೊಂಡ, ತಂದೆ ಎಸೆದ ಈಟಿಯಿಂದ ತಪ್ಪಿಸಿಕೊಂಡ, ನೀನು ಅರಸನಾಗುವೆ ನಾನು ಎರಡನೆಯವನಾಗಿರುವೆ ಎಂದು ಜೀಫ್ ಅರಣ್ಯಕ್ಕೆ ಹೋಗಿ ಹೇಳಿಬಂದ. ಒಡಂಬಡಿಕೆ ಎಂದರೆ ಸಾಕ್ಷಿ ಇಟ್ಟು ಮಾಡಿದ ಕರಾರು, ಮನಸ್ಸಿನ ಉಕ್ಕಲ್ಲ. ಅದಕ್ಕೇ ಅದು ಗಿಲ್ಬೋವದಲ್ಲಿ ಯೋನಾತಾನ ಸತ್ತ ಮೇಲೂ ಊರ್ಜಿತವಾಗಿತ್ತು. ಎರಡೂ ಕಾಲು ಊನವಾದ ಅವನ ಮಗ ಮೆಫೀಬೋಶೆತ್ ಲೋದೆಬಾರಿನಲ್ಲಿ ಮಾಕೀರನ ಮನೆಯಲ್ಲಿ ಮರೆಯಾಗಿದ್ದಾಗ ದಾವೀದ ಕರೆಸಿ, ಸೌಲನ ಭೂಮಿಯನ್ನು ಹಿಂದಕ್ಕೆ ಕೊಟ್ಟು, ತನ್ನ ಪಂಕ್ತಿಯಲ್ಲಿ ಕೂರಿಸಿಕೊಂಡ. ಮುಂದೆ ಮಹನಯಿಮಿನಲ್ಲಿ ದಾವೀದನಿಗೆ ಆಹಾರ ತಂದ ಆ ಮೂವರಲ್ಲಿ ಈ ಮಾಕೀರನೂ ಇದ್ದ.

ಈಗ ನಿಮ್ಮ ಆಕ್ಷೇಪಗಳು. ಜ್ಞಾನೋಕ್ತಿಗಳನ್ನು ಮರೆತೆಯಾ ಎಂಬುದು ಮೊದಲನೆಯದು. ಮರೆತಿಲ್ಲ. ಮೂಢರ ಜೊತೆಗಾರ ಕೆಡುತ್ತಾನೆಂದು 13:20ರಲ್ಲಿದೆ, ಕೋಪಿಷ್ಠನ ಸ್ನೇಹ ಬೇಡವೆಂದು 22:24ರಲ್ಲಿದೆ, ಸುಲಿಗೆಗೆ ಕರೆಯುವ ಗುಂಪಿನ ಬಗ್ಗೆ ಮೊದಲ ಅಧ್ಯಾಯದಲ್ಲೇ ಇದೆ. ಆದರೆ ಗೆಳೆಯರ ವಿಷಯದಲ್ಲಿ ಆ ಗ್ರಂಥ ತೂಗುವುದು ನಡತೆಯನ್ನು: ಸಿಟ್ಟು, ಚಾಡಿ, ಕುಡಿತ, ದುರಾಸೆ. ಕುಲಗೋತ್ರ ಕೇಳಿ ಗೆಳೆಯನನ್ನು ತಿರಸ್ಕರಿಸು ಎನ್ನುವ ಒಂದು ಉಕ್ತಿಯೂ ನನಗೆ ಅಲ್ಲಿ ಸಿಕ್ಕಿಲ್ಲ. ಕೋಪಿಷ್ಠರು ಸಭೆಯಲ್ಲಿಲ್ಲವೇ? ನಮ್ಮ ವಾರ್ಷಿಕ ಚುನಾವಣೆಗಳ ದಿನ ಬಂದು ನೋಡಿದರೆ ಸಾಕು. ಎರಡನೆಯದು, 2 ಕೊರಿಂಥ 6:14ರ ನೊಗದ ಮಾತು. ನೊಗವೆಂದರೆ ಒಬ್ಬ ನಡೆದಲ್ಲಿಗೆ ಇನ್ನೊಬ್ಬ ನಡೆಯಲೇಬೇಕಾದ ಕಟ್ಟು. ಮದುವೆಗೂ ಪಾಲುದಾರಿಕೆಗೂ ಅದನ್ನು ಅನ್ವಯಿಸುವವರ ಜೊತೆ ನಾನು ಜಗಳಕ್ಕಿಳಿಯುವುದಿಲ್ಲ. ಆದರೆ ಅದೇ ಊರಿನವರಿಗೆ ಅದೇ ಪೌಲ ನಂಬದವರ ಮನೆಯೂಟಕ್ಕೆ ಹೋಗಲು ಬಿಟ್ಟಿರುವಾಗ, ಪಕ್ಕದ ಡೆಸ್ಕಿನವನ ಜೊತೆ ಬುತ್ತಿ ಹಂಚಿಕೊಳ್ಳುವುದು ನೊಗವಾಗಲಾರದು. ಲೋಕದ ಸ್ನೇಹ ದೇವರೊಡನೆ ಹಗೆತನವೆನ್ನುವ ಯಾಕೋಬ 4:4ನ್ನೂ ಹೀಗೆಯೇ ಓದಬೇಕು. ಆ ಅಧ್ಯಾಯ ಶುರುವಾಗುವುದು ಸಭೆಯೊಳಗಿನ ಜಗಳ, ಆಸೆಬುರುಕತನಗಳಿಂದ. ಎರಡನೆಯ ಅಧ್ಯಾಯದಲ್ಲಿ ಬೈಸಿಕೊಂಡವರು ಚಿನ್ನದ ಉಂಗುರದವನಿಗೆ ಒಳ್ಳೆಯ ಆಸನ ಕೊಟ್ಟು ಬಡವನನ್ನು ನಿಲ್ಲಿಸಿದ ಸಭೆಯವರು. ಯಾಕೋಬ ಲೋಕ ಎನ್ನುವುದು ಆ ಬಾಳುವೆಯನ್ನು, ನೆರೆಮನೆಯವರನ್ನಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಎಜ್ರ, ನೆಹೆಮೀಯರಿಂದ ಬರುತ್ತದೆ. ಅನ್ಯಜನಾಂಗದ ಹೆಂಡತಿಯರನ್ನು ಕಳುಹಿಸಿಬಿಡುವ ತೀರ್ಮಾನ ಅಲ್ಲಿದೆ, ಮೋವಾಬ್ಯರನ್ನು ಸಭೆಗೆ ಸೇರಿಸಬಾರದೆಂಬ ಹಳೆಯ ವಿಧಿಯನ್ನು ಓದಿ ಹೇಳಿದ್ದಿದೆ. ಇದನ್ನು ನಾನು ಒರೆಸಿಹಾಕಲಾರೆ. ಸೆರೆಯಿಂದ ಹಿಂದಿರುಗಿ ಬಂದ ಒಂದು ಪುಟ್ಟ ಸಮುದಾಯ ಕರಗಿಹೋಗುವ ಭಯದಲ್ಲಿ ಮಾಡಿಕೊಂಡ ತೀರ್ಮಾನ ಅದು. ಅಲ್ಪಸಂಖ್ಯಾತರಾದ ನಮಗೆ ಆ ಭಯ ಅಪರಿಚಿತವೂ ಅಲ್ಲ. ಆದರೆ ಅದೇ ಬೈಬಲ್ಲು ಮೋವಾಬಿನ ರೂತಳ ಕಥೆಗೆ ನಾಲ್ಕು ಅಧ್ಯಾಯಗಳ ಇಡೀ ಪುಸ್ತಕವನ್ನೇ ಕೊಟ್ಟಿದೆ, ಅವಳನ್ನು ದಾವೀದನ ಮುತ್ತಜ್ಜಿಯಾಗಿಸಿದೆ, ಮತ್ತಾಯ ಅವಳ ಹೆಸರನ್ನು ಯೇಸುವಿನ ವಂಶಾವಳಿಯಲ್ಲಿ ಬರೆದಿದ್ದಾನೆ. ಎರಡು ದನಿಗಳಲ್ಲಿ ಯೇಸು ಯಾವುದನ್ನು ಎತ್ತಿಹಿಡಿದನೆಂಬುದು ಅವನ ಶತ್ರುಗಳ ಬಾಯಿಂದಲೇ ತಿಳಿಯುತ್ತದೆ. ಸುಂಕದವರ, ಪಾಪಿಷ್ಠರ ಗೆಳೆಯನೆಂದು ಅವರು ಹೀಗಳೆದರು; ಮತ್ತಾಯ 11:19ರಲ್ಲಿ ಅದನ್ನು ನೆನೆಸಿಕೊಳ್ಳುವ ಯೇಸು ಆ ಆರೋಪವನ್ನು ಅಲ್ಲಗಳೆಯುವುದೇ ಇಲ್ಲ. ನಮ್ಮ ಪಾಠದ ಪ್ರಕಾರ ನಡೆದಿದ್ದರೆ ಆ ಆರೋಪ ಹುಟ್ಟುತ್ತಲೇ ಇರಲಿಲ್ಲ. ಅವನು ದೇವರ ಮಗ, ಕೆಡುವವನಲ್ಲ, ನಮ್ಮ ಮಕ್ಕಳು ಕೆಡುತ್ತಾರೆ ಎಂದು ತಾಯಿತಂದೆಗಳು ಹೇಳುವುದುಂಟು. ಆ ಆತಂಕವನ್ನು ನಾನು ಹಗುರ ಮಾಡುವುದಿಲ್ಲ. ಮಾದಕವಸ್ತು, ಆನ್‌ಲೈನ್ ಜೂಜು ಇವೆಲ್ಲ ನಿಜವಾದ ಅಪಾಯಗಳೇ. ಆದರೆ ಅವುಗಳಿಂದ ಕಾಯಬೇಕೆಂದರೆ ನಡತೆ ಗುರುತಿಸುವುದನ್ನು ಕಲಿಸಬೇಕು. ಹೆಸರು, ಹಣೆ, ಧರ್ಮ ನೋಡಿ ಅಳೆಯುವುದನ್ನು ಕಲಿತ ಹುಡುಗಿಗೆ ಸಭೆಯೊಳಗಿನ ಯೋನಾದಾಬ ಕಾಣುವುದೇ ಇಲ್ಲ. ನಮ್ಮ ಬೇಲಿ ಅವಳನ್ನು ಅವನ ಪಕ್ಕದಲ್ಲೇ ಕೂರಿಸುತ್ತದೆ.

ಇನ್ನೊಂದು ಉತ್ತರ ನಿಮ್ಮಲ್ಲಿ ಕೆಲವರ ನಾಲಿಗೆ ತುದಿಯಲ್ಲಿದೆ: ಹೊರಗಿನವರ ಜೊತೆ ಸ್ನೇಹ ಮಾಡಲಿ, ಆದರೆ ಸಾಕ್ಷಿ ಹೇಳುವುದಕ್ಕಾಗಿ ಮಾಡಲಿ. ಇದು ಮೊದಲಿನದಕ್ಕಿಂತ ಜಾಣತನದ ತಪ್ಪು. ಸೌಲ ತನ್ನ ಮಗಳನ್ನು ದಾವೀದನಿಗೆ ಕೊಟ್ಟದ್ದೂ ಒಂದು ಉದ್ದೇಶ ಇಟ್ಟುಕೊಂಡೇ. ಐಶ್ವರ್ಯವಂತನಿಗೆ ಗೆಳೆಯರು ಬಹಳ ಎಂದು ಜ್ಞಾನೋಕ್ತಿಗಳು ಕಟುವಾಗಿ ಗುರುತಿಸುವುದು ಲಾಭದ ಸ್ನೇಹವನ್ನೇ. ಆತ್ಮಗಳ ಲಾಭವೆಂದರೂ ಲೆಕ್ಕದ ಪುಸ್ತಕ ಅದೇ. ಕೇಳಿದರೆ ನಂಬಿಕೆಯ ಬಗ್ಗೆ ಮಾತಾಡುವುದು ಸ್ನೇಹದಲ್ಲಿ ತಾನಾಗಿ ಬರುವಂಥದು, ಮುಚ್ಚಿಡಬೇಕಾಗಿಲ್ಲ. ಯೋಹಾನ 15ರಲ್ಲಿ ಯೇಸು ಶಿಷ್ಯರನ್ನು ಆಳುಗಳೆನ್ನದೆ ಗೆಳೆಯರೆಂದದ್ದಕ್ಕೆ ಕೊಟ್ಟ ಕಾರಣ, ತಂದೆಯಿಂದ ಕೇಳಿದ್ದನ್ನೆಲ್ಲ ಅವರಿಗೆ ತಿಳಿಸಿದ್ದೇನೆಂಬುದು. ಒಳಗೊಂದು ಹೊರಗೊಂದು ಇಟ್ಟುಕೊಂಡ ಸ್ನೇಹಕ್ಕೆ ಆ ಹೆಸರು ಸಲ್ಲದು. ಗೆಳೆಯರು ನಾನು ಆಜ್ಞಾಪಿಸಿದ್ದನ್ನು ಮಾಡಬೇಕು ಎಂಬ ಷರತ್ತೂ ಅಲ್ಲೇ ಇದೆಯಲ್ಲ ಎಂದರೆ, ಆ ಆಜ್ಞೆ ಯಾವುದೆಂದು ಹಿಂದಿನ ವಚನಗಳನ್ನು ನೋಡಬೇಕು: ಒಬ್ಬರನ್ನೊಬ್ಬರು ಪ್ರೀತಿಸುವುದು, ಪ್ರಾಣ ಕೊಡುವಷ್ಟು.

ನಾವು ಒಳಗಿನವರೆನ್ನುವವರೊಳಗೂ ಇನ್ನೊಂದು ಬೇಲಿಯಿದೆಯೆಂದು ನಿಮಗೆ ಗೊತ್ತು. ಜಾತಿಯ ಗುರುತು ದೀಕ್ಷಾಸ್ನಾನದಲ್ಲಿ ತೊಳೆದುಹೋಗಿಲ್ಲ. ಮದುವೆಯ ಮಾತುಕತೆಯಲ್ಲಿ, ಕೆಲವು ಕಡೆ ಊಟದ ಪಂಕ್ತಿಯಲ್ಲಿ ಅದು ತಲೆಯೆತ್ತುತ್ತದೆ. ಅಂತಿಯೋಕ್ಯದಲ್ಲಿ ಅನ್ಯಜನರ ಜೊತೆ ಉಣ್ಣುತ್ತಿದ್ದ ಪೇತ್ರ, ಯಾಕೋಬನ ಕಡೆಯವರು ಬಂದ ಕೂಡಲೇ ಅವರಿಗೆ ಹೆದರಿ ಪಂಕ್ತಿ ಬಿಟ್ಟೆದ್ದ, ಬಾರ್ನಬನೂ ಜೊತೆಗೂಡಿದ. ಪೌಲ ಎಲ್ಲರೆದುರೇ ಅವನನ್ನು ಖಂಡಿಸಿದ್ದು ಗಲಾತ್ಯ 2ರಲ್ಲಿದೆ. ಪೇತ್ರನನ್ನು ಅಲ್ಲಿ ಕೆಡಿಸಿದ ಸಹವಾಸ ಯಾವುದು ಎಂದು ನಿಮ್ಮ ಕೂಟದ ಮಕ್ಕಳನ್ನು ಕೇಳಿ ನೋಡಿ. ಕೇಳಿದ ಮೇಲೆ, ಔತಣಕ್ಕೆ ಸ್ನೇಹಿತರನ್ನೂ ಬಂಧುಗಳನ್ನೂ ಹಣವಂತರಾದ ನೆರೆಯವರನ್ನೂ ಕರೆಯಬೇಡ ಎನ್ನುವ ಲೂಕ 14:12ನ್ನು ಕ್ರಿಸ್‌ಮಸ್ ಊಟದ ಪಟ್ಟಿ ಬರೆಯುವ ಸಮಿತಿಯ ಮುಂದೆಯೂ ಇಡಿ.

ನನ್ನ ಕೋರಿಕೆ ದೊಡ್ಡದೇನಲ್ಲ. ಬರುವ ಬೇಸಿಗೆಯ ವಿ.ಬಿ.ಎಸ್. ತರಗತಿಗಳಿಗೆ ಗೆಳೆತನದ ಪಾಠ ಸಿದ್ಧಪಡಿಸುವಾಗ ದುಸ್ಸಹವಾಸದ ವಾಕ್ಯವನ್ನು ಬಿಡಬೇಕಾಗಿಲ್ಲ, ಅದರ ಹಿಂದಿನ 12ನೆಯ ವಚನದ ಜೊತೆ ಕಲಿಸಿ. ಚಿಕ್ಕವರಿಗೆ ಎಬೆದ್ಮೆಲೆಕನ ಕಥೆ ಹೇಳಿ. ದೊಡ್ಡ ಹುಡುಗರಿಗೆ, ಪ್ರತ್ಯೇಕವಾಗಿ ಕೂರಿಸಿಕೊಂಡು, ಯೋನಾದಾಬನದನ್ನು. ನಂಬಿಕಸ್ಥರು ಜೊತೆಗಿದ್ದು ಆ ಅಧ್ಯಾಯವನ್ನು ಓದಿಸಿದರೆ, ತಮ್ಮ ಮೇಲೆ ನಡೆದದ್ದನ್ನು ಹೇಳಿಕೊಳ್ಳಲು ಬಾಯಿ ಬಾರದ ಯಾರಾದರೂ ಬಾಯಿ ತೆರೆದಾರು. ಅದಕ್ಕೆ ಸಿದ್ಧರಾಗಿಯೇ ಓದಿಸಿ. ಮತ್ತು ಕಾಲೇಜಿನ ಗೆಳೆಯರನ್ನು ಕೂಟಕ್ಕೆ ಕರೆತಂದರೆ ಏನು ಕಲಿಸಬೇಕೆಂದು ಯೋಚಿಸುವ ಮೊದಲು, ಆ ಗೆಳೆಯರ ಮನೆಯ ಹಬ್ಬಕ್ಕೋ ಸಾವಿಗೋ ನಮ್ಮ ಹುಡುಗರು ಹೋಗಿಬರಲು ನೀವು ಒಪ್ಪುತ್ತೀರೋ ಇಲ್ಲವೋ ಎಂಬುದನ್ನು ಸಭಾಪಾಲಕರ ಜೊತೆ ಕೂತು ಸ್ಪಷ್ಟ ಮಾಡಿಕೊಳ್ಳಿ. ಮಕ್ಕಳು ಕೇಳುವುದು ಅದನ್ನೇ. ಈವರೆಗೆ ಅವರಿಗೆ ಸಿಕ್ಕಿರುವ ಉತ್ತರಕ್ಕೆ ಆಧಾರವಾಗಿ ನೀವು ಯಾವ ವಚನ ತೋರಿಸಿದರೂ, ಅದರ ಅಧ್ಯಾಯವನ್ನು ಪೂರ್ತಿ ಓದಿಕೊಂಡು ಚರ್ಚೆಗೆ ಬರಲು ನಾನು ಸಿದ್ಧ.

ಇತಿ,
ನಿಮ್ಮ ಸಭೆಗಳ ಒಬ್ಬ ವಿಶ್ವಾಸಿ